ಮನೆ ವರ್ಕ್‌ಶಾಪಿನ ಏರ್ ಲೈನ್

ಕಂಪ್ರೆಸರಿನ ಟ್ಯಾಂಕಿನಲ್ಲಿ ತುಂಬಿಟ್ಟ ಸಂಪೀಡಿತ ಗಾಳಿಯನ್ನು ಕೆಲಸ ನಡೆಯುವ ಜಾಗಕ್ಕೆ ತಲುಪಿಸುವ ಕೊಳವೆ ವ್ಯವಸ್ಥೆಯೇ ಏರ್ ಲೈನ್. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಎಂಜಿನಿಯರುಗಳು ಲೆಕ್ಕ ಹಾಕಿ ಕೂರಿಸುತ್ತಾರೆ. ಮನೆಯ ಹಿಂದಿನ ಶೆಡ್ಡು, ಕಾರು ನಿಲ್ಲಿಸುವ ಗ್ಯಾರೇಜು, ಮನೆ ಮುಂದಿನ ಪಂಕ್ಚರ್ ಅಂಗಡಿ, ಬಡಗಿಯ ಸ್ಪ್ರೇ ಪೇಂಟಿಂಗ್ ಮೂಲೆ ಇಂಥ ಕಡೆಗಳಲ್ಲಿ ಮಾತ್ರ ಮಾಲೀಕನೇ ಎಂಜಿನಿಯರು, ಅವನೇ ಪ್ಲಂಬರು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೈಗೆ ಸಿಕ್ಕ ಪೈಪು ತಂದು ಗೋಡೆಗೆ ಕ್ಲ್ಯಾಂಪ್ ಹೊಡೆಯುವುದು ಅಲ್ಲಿನ ವಾಡಿಕೆ. ಗಾಳಿಗೆ ಪೈಪು ಆರಿಸುವಾಗ ಎಲ್ಲರೂ ಕೇಳುವ ಪ್ರಶ್ನೆ, ಇದು ಎಷ್ಟು ಒತ್ತಡ ತಡೆಯುತ್ತದೆ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಇದು ಒಡೆದರೆ ಹೇಗೆ ಒಡೆಯುತ್ತದೆ? ಲೋಹದ ಪೈಪು ಸೀಳಿ ಬುಸ್ಸೆನ್ನುತ್ತದೆ, ಕೆಲವು ಪ್ಲಾಸ್ಟಿಕ್ಕುಗಳು ಉಬ್ಬಿ ಹರಿಯುತ್ತವೆ, ಇನ್ನು ಕೆಲವು ಗಾಜಿನಂತೆ ಚೂರುಚೂರಾಗಿ ಸಿಡಿಯುತ್ತವೆ. ಈ ಲೇಖನದ ಬಹುಪಾಲು ಈ ವ್ಯತ್ಯಾಸದ ಸುತ್ತಲೇ ಇದೆ.

ಎಲ್ಲರಿಗೂ ಏರ್ ಲೈನ್ ಬೇಕೇ ಬೇಕೆಂದೇನಿಲ್ಲ. 25 ಅಥವಾ 50 ಲೀಟರಿನ ಚಕ್ರವಿರುವ ಕಂಪ್ರೆಸರ್ ಇಟ್ಟುಕೊಂಡು ವಾರಕ್ಕೊಮ್ಮೆ ಟೈರಿಗೆ ಗಾಳಿ ಹಿಡಿಯುವವರಿಗೆ, ಮೊಳೆ ಗನ್ನು ಬಳಸುವವರಿಗೆ 10 ಮೀಟರಿನ ಒಂದು ಒಳ್ಳೆಯ ರಬ್ಬರ್ ಹೋಸ್ ಸಾಕು. ಕಂಪ್ರೆಸರ್ ಒಂದು ಮೂಲೆಯಲ್ಲಿದ್ದು, ಗಾಳಿ ಎರಡು ಮೂರು ಕಡೆ ಬೇಕಾದಾಗ, ಅಥವಾ ಪೇಂಟಿಂಗಿಗೆ ಒಣ ಗಾಳಿ ಬೇಕಾದಾಗ ಮಾತ್ರ ಗೋಡೆಗೆ ಪೈಪು ಹೊಡೆಯುವುದರಲ್ಲಿ ಅರ್ಥವಿದೆ.

ಗಾಳಿ ನೀರಲ್ಲ

ನಮ್ಮ ಊರಿನ ಮೆಕ್ಯಾನಿಕ್ಕುಗಳು ಒತ್ತಡವನ್ನು ಕೆಜಿಯಲ್ಲಿ ಹೇಳುತ್ತಾರೆ. ಚದರ ಸೆಂಟಿಮೀಟರಿಗೆ ಎಷ್ಟು ಕಿಲೋಗ್ರಾಂ ಎಂದು ಅದರ ಅರ್ಥ. ಮನೆಬಳಕೆಯ ಕಂಪ್ರೆಸರ್ ಸಾಮಾನ್ಯವಾಗಿ 8 ಕೆಜಿಗೆ ನಿಲ್ಲುತ್ತದೆ, ಎಂದರೆ ಸುಮಾರು 114 ಪಿಎಸ್‌ಐ. ನೀರಿನ ಮೋಟಾರು ಪೈಪಿನಲ್ಲಿಯೂ ಇಷ್ಟು ಒತ್ತಡ ಬರುವುದುಂಟು. ಹಾಗಾಗಿ ನೀರಿಗೆ ತಡೆದುಕೊಂಡ ಪೈಪು ಗಾಳಿಗೂ ತಡೆದುಕೊಳ್ಳುತ್ತದೆ ಎಂಬ ಲೆಕ್ಕ ಸಹಜ. ಸಹಜವಾದರೂ ತಪ್ಪು.

ನೀರನ್ನು ಒತ್ತಿದರೆ ಅದು ಕುಗ್ಗುವುದು ತೀರ ಅತ್ಯಲ್ಪ. ಗಾಳಿ ಸ್ಪ್ರಿಂಗಿನಂತೆ ಕುಗ್ಗುತ್ತದೆ. ಕುಗ್ಗಿಸಲು ಹಾಕಿದ ಶ್ರಮವೆಲ್ಲ ಅದರೊಳಗೆ ಕೂತಿರುತ್ತದೆ. 15 ಮಿಲಿಮೀಟರ್ ಒಳವ್ಯಾಸದ ಸುಮಾರು 5.7 ಮೀಟರ್ ಪೈಪಿನಲ್ಲಿ ಒಂದು ಲೀಟರ್ ಜಾಗವಿರುತ್ತದೆ. ಅದರಲ್ಲಿ 8 ಕೆಜಿ ಒತ್ತಡದ ನೀರಿದ್ದರೆ ಅಡಗಿರುವ ಶಕ್ತಿ ಒಂದು ಜೂಲಿನ ಏಳನೇ ಒಂದು ಭಾಗದಷ್ಟು. ಅದೇ ಒತ್ತಡದ ಗಾಳಿಯಿದ್ದರೆ ಸುಮಾರು 1100 ಜೂಲ್. ಹೆಚ್ಚುಕಡಿಮೆ ಎಂಟು ಸಾವಿರ ಪಟ್ಟು. 10 ಕೆಜಿ ತೂಕದ ಕಲ್ಲನ್ನು ಮೂರು ಅಂತಸ್ತಿನ ಕಟ್ಟಡದ ಎತ್ತರಕ್ಕೆ ಎತ್ತಲು ಸಾಕಾಗುವ ಶಕ್ತಿಯಿದು. ಇದು ಪೈಪಿನೊಳಗಿನ ಗಾಳಿಯ ಲೆಕ್ಕ ಮಾತ್ರ. ಪೈಪಿನ ಹಿಂದೆ 100 ಲೀಟರಿನ ಟ್ಯಾಂಕು ತುಂಬಿ ನಿಂತಿದ್ದರೆ ಅದರ ನೂರು ಪಟ್ಟು.

ಬಿರುಕು ಬಿಟ್ಟಾಗ ಆಗುವ ವ್ಯತ್ಯಾಸವೂ ಇದರಿಂದಲೇ ಬರುತ್ತದೆ. ನೀರಿನ ಪೈಪಿನಲ್ಲಿ ಬಿರುಕು ಮೂಡಿದ ಕ್ಷಣವೇ ಒತ್ತಡ ಕುಸಿದುಬಿಡುತ್ತದೆ. ಬಿರುಕನ್ನು ಮುಂದೆ ತಳ್ಳುವವರೇ ಇರುವುದಿಲ್ಲ. ಗಾಳಿಯ ಪೈಪಿನಲ್ಲಿ ಹಾಗಲ್ಲ. ಗಾಳಿ ಹಿಗ್ಗುತ್ತ ಹಿಗ್ಗುತ್ತ ಬಿರುಕಿನ ಬೆನ್ನುಹತ್ತಿ ಅದನ್ನು ಮುಂದಕ್ಕೆ ಸೀಳಿಸುತ್ತದೆ, ಮುರಿದ ತುಂಡುಗಳನ್ನು ಎಸೆಯುತ್ತದೆ.

ಪಿವಿಸಿ: ಹಾಕಬಾರದ ಪೈಪು

ಮನೆ ವರ್ಕ್‌ಶಾಪುಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಏರ್ ಲೈನ್ ಪಿವಿಸಿಯದೇ. ಕಾರಣ ಸ್ಪಷ್ಟ. ಅಗ್ಗ, ಹಗುರ, ಗರಗಸದಿಂದ ಕೊಯ್ದು ಗಮ್ಮು ಹಚ್ಚಿದರೆ ಜೋಡಣೆ ಮುಗಿಯಿತು. ಅದರ ಮೈಮೇಲೆ ಬರೆದಿರುವ ಅಂಕಿ ಬೇರೆ ಧೈರ್ಯ ಕೊಡುತ್ತದೆ. ಹಳ್ಳಿಗಳಲ್ಲಿ ಬೋರ್‌ವೆಲ್ಲಿಗೆ ಪೈಪು ಕೊಳ್ಳುವವರು ‘4 ಕೆಜಿ ಪೈಪು’, ‘6 ಕೆಜಿ ಪೈಪು’ ಎಂದೇ ಕೇಳುತ್ತಾರೆ. 10 ಕೆಜಿಯದೂ ಸಿಗುತ್ತದೆ. 8 ಕೆಜಿಯ ಕಂಪ್ರೆಸರಿಗೆ 10 ಕೆಜಿಯ ಪೈಪು ಹಾಕಿದರೆ ತಪ್ಪೇನು ಎಂದು ಯಾರಿಗಾದರೂ ಅನಿಸುವುದೇ. ಅಮೆರಿಕದಲ್ಲಿ ಈ ಆಸೆ ಇನ್ನೂ ಬಲವಾದದ್ದು: ಅಲ್ಲಿನ ಅರ್ಧ ಇಂಚಿನ ಶೆಡ್ಯೂಲ್ 40 ಪಿವಿಸಿ ಪೈಪಿನ ಮೇಲೆ 600 ಪಿಎಸ್‌ಐ ಎಂದು ಮುದ್ರಿಸಿರುತ್ತಾರೆ.

ಆ ಅಂಕಿಗಳೆಲ್ಲ ನೀರಿಗೆ ಸಂಬಂಧಿಸಿದವು, ಅದೂ ಸಾಧಾರಣ ತಾಪದಲ್ಲಿ. ಭಾರತದ ಐಎಸ್ 4985 ಮಾನಕ ಪಿವಿಸಿ ಪೈಪಿನ ದರ್ಜೆಯನ್ನು ಲೆಕ್ಕ ಹಾಕುವುದು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಮೆರಿಕದ ಕೋಷ್ಟಕಗಳು 23 ಡಿಗ್ರಿಯಲ್ಲಿ. ಬಿಸಿ ಏರಿದಂತೆ ಪಿವಿಸಿಯ ಶಕ್ತಿ ಸರ್ರನೆ ಇಳಿಯುತ್ತದೆ. ಅಮೆರಿಕದ ತಯಾರಕರ ಕೋಷ್ಟಕದ ಪ್ರಕಾರ 43 ಡಿಗ್ರಿಯಲ್ಲಿ ಅದು ಅರ್ಧಕ್ಕೆ ಬರುತ್ತದೆ, 60 ಡಿಗ್ರಿಯಲ್ಲಿ ಶೇ. 22ಕ್ಕೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲೇ 43 ಡಿಗ್ರಿ ಮುಟ್ಟುವ ದಿನಗಳಿವೆ. ತಗಡಿನ ಚಾವಣಿಯ ಕೆಳಗೆ ಇನ್ನೂ ಹೆಚ್ಚು. ಕಂಪ್ರೆಸರಿನ ಸಿಲಿಂಡರಿನಿಂದ ಹೊರಬೀಳುವ ಗಾಳಿಯಂತೂ 150 ಡಿಗ್ರಿ ದಾಟುವುದು ಸಾಮಾನ್ಯ. ಟ್ಯಾಂಕಿನಲ್ಲಿ ಸ್ವಲ್ಪ ತಣಿಯುತ್ತದೆಂಬುದು ನಿಜ. ಆದರೆ ಸ್ಪ್ರೇ ಗನ್ನನ್ನು ಅರ್ಧ ಗಂಟೆ ಬಿಡದೆ ಓಡಿಸಿದರೆ ಟ್ಯಾಂಕೂ ಕೈ ಇಡಲಾಗದಷ್ಟು ಕಾಯುತ್ತದೆ.

ಬಿಸಿ ಒಂದು ಶತ್ರು. ಎಣ್ಣೆ ಇನ್ನೊಂದು. ಪಿಸ್ಟನ್ ಕಂಪ್ರೆಸರು ಗಾಳಿಯ ಜೊತೆ ಎಣ್ಣೆಯ ಸಣ್ಣ ಮಂಜನ್ನೂ ಕಳಿಸುತ್ತದೆ. ಕೆಲವು ಸಿಂಥೆಟಿಕ್ ಕಂಪ್ರೆಸರ್ ಎಣ್ಣೆಗಳು ಪಿವಿಸಿ ಮತ್ತು ಸಿಪಿವಿಸಿಯನ್ನು ಒಳಗಿಂದಲೇ ಕೆಡಿಸುತ್ತವೆ. ಒತ್ತಡದಲ್ಲಿರುವ ಕಡೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಮೂರನೆಯದು ಬಿಸಿಲು. ಕಿಟಕಿಯಿಂದ ಬೀಳುವ ಬಿಸಿಲಿಗೆ ವರ್ಷಗಟ್ಟಲೆ ಮೈಯೊಡ್ಡಿದ ಪಿವಿಸಿ ಬೆಳ್ಳಗಾಗಿ ಪೆಡಸಾಗುತ್ತದೆ. ಇದರ ಮೇಲೆ ಕಂಪ್ರೆಸರಿನ ನಡುಕ, ದಿನಕ್ಕೆ ಹತ್ತಾರು ಸಲ ಒತ್ತಡ ಏರಿಳಿಯುವ ದಣಿವು. ಎಂದೋ ಒಂದು ದಿನ ಏಣಿ ತಾಗುತ್ತದೆ ಅಥವಾ ಹಲಗೆಯೊಂದು ಜಾರಿ ಬಡಿಯುತ್ತದೆ. ಪಿವಿಸಿ ಆಗ ಬಗ್ಗುವುದಿಲ್ಲ, ಸೋರುವುದಿಲ್ಲ. ಚೂಪು ಅಂಚಿನ ಚೂರುಗಳಾಗಿ ಕೋಣೆಯ ತುಂಬ ಹಾರುತ್ತದೆ.

‘ನಮ್ಮ ಗ್ಯಾರೇಜಿನಲ್ಲಿ ಹತ್ತು ವರ್ಷದಿಂದ ಪಿವಿಸಿ ಇದೆ, ಏನೂ ಆಗಿಲ್ಲ’ ಎನ್ನುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹತ್ತು ವರ್ಷದಲ್ಲಿ ಪೈಪು ಗಟ್ಟಿಯಾಗಿಲ್ಲ, ಸವೆದಿದೆ. ಮೊದಲ ದಿನದ ಪೈಪಿಗಿಂತ ಹತ್ತನೇ ವರ್ಷದ ಪೈಪು ಹೆಚ್ಚು ಅಪಾಯದ್ದು. ಅವರ ಅನುಭವ ನಿಜಕ್ಕೂ ಹೇಳುವುದು ಇದನ್ನೇ.

ಈ ಎಚ್ಚರಿಕೆ ಹೊಸದೂ ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಪೈಪು ತಯಾರಕರ ಸಂಸ್ಥೆಯಾದ ಪ್ಲಾಸ್ಟಿಕ್ಸ್ ಪೈಪ್ ಇನ್‌ಸ್ಟಿಟ್ಯೂಟ್ ತಾನೇ 1972ರಲ್ಲಿ, ತೆರೆದ ಜಾಗದ ಏರ್ ಲೈನುಗಳಿಗೆ ಇಂಥ ಪೈಪು ಬೇಡವೆಂದು ಶಿಫಾರಸು ಮಾಡಿತ್ತು. ಮಾರುವವರೇ ಬೇಡ ಎಂದದ್ದು ಗಮನಿಸಬೇಕಾದ ಸಂಗತಿ. ಟೆಕ್ಸಸ್‌ನ ಕಾರ್ಖಾನೆಯೊಂದರಲ್ಲಿ ಪಿವಿಸಿ ಏರ್ ಲೈನ್ ಸಿಡಿದು ಕಾರ್ಮಿಕರೊಬ್ಬರು ಗಾಯಗೊಂಡ ಮೇಲೆ, ಅಲ್ಲಿನ ಔದ್ಯೋಗಿಕ ಸುರಕ್ಷತಾ ಆಡಳಿತವಾದ ಓಷಾ 1988ರ ಮೇ 20ರಂದು ಈ ಬಗ್ಗೆ ಅಪಾಯದ ಸೂಚನಾ ಪತ್ರವನ್ನೇ ಹೊರಡಿಸಿತು. ನೆಲದೊಳಗೆ ಹೂತಿದ್ದರೆ ಅಥವಾ ಚೂರುಗಳನ್ನು ತಡೆಯಬಲ್ಲ ಗಟ್ಟಿ ಕವಚದೊಳಗಿದ್ದರೆ ಮಾತ್ರ ಪಿವಿಸಿ ಇರಬಹುದು ಎಂಬುದು ಅದರ ನಿಲುವು. ಕವಚಕ್ಕೆ ಕೊಡುವ ಹಣದಲ್ಲಿ ಕಬ್ಬಿಣದ ಪೈಪೇ ಬರುತ್ತದೆ.

ಬಿಸಿನೀರಿಗೆ ಹಾಕುವ ಸಿಪಿವಿಸಿ ಬಿಸಿಯನ್ನು ಪಿವಿಸಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಮುರಿಯುವ ರೀತಿ ಅದೇ, ಎಣ್ಣೆಯ ಭಯವೂ ಅದೇ. ಅದಕ್ಕೆ ವಿನಾಯಿತಿ ಕೊಡಲು ಕಾರಣವಿಲ್ಲ.

ಹಿಂದಿನವರ ಕೊಳವೆಗಳು

ಗಾಳಿಯನ್ನು ಪೈಪಿನಲ್ಲಿ ದೂರ ಸಾಗಿಸುವ ಅಭ್ಯಾಸ ವಿದ್ಯುತ್ತಿಗಿಂತ ಹಳೆಯದು. ಫ್ರಾನ್ಸ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದು ಮಾಡಿದ ಮೋಂ ಸೆನಿ ರೈಲು ಸುರಂಗದಲ್ಲಿ ಎಂಜಿನಿಯರ್ ಜೆರ್ಮೇನ್ ಸೊಮೆಯೆ 1861ರಿಂದ ಗಾಳಿಯ ಡ್ರಿಲ್ಲುಗಳನ್ನು ಓಡಿಸಿದ. ಡ್ರಿಲ್ಲಿಗೆ ಬಂದ ಗಾಳಿಯೇ ಸುರಂಗದೊಳಗಿನವರ ಉಸಿರಾಟಕ್ಕೂ ಆಯಿತು. 1871ರಲ್ಲಿ ಸುರಂಗ ತೆರೆಯಿತು. ಪ್ಯಾರಿಸ್‌ನಲ್ಲಿ 1880ರ ಹೊತ್ತಿಗೆ ಊರ ಗಡಿಯಾರಗಳನ್ನೆಲ್ಲ ಗಾಳಿಯ ಒತ್ತಡದ ಮಿಡಿತದಿಂದ ಒಂದೇ ಹೊತ್ತಿಗೆ ಓಡಿಸುವ ವ್ಯವಸ್ಥೆ ಬಂದಿತ್ತು. ಅದು ಬೆಳೆದು ಕಾರ್ಖಾನೆಗಳಿಗೆ, ಲಿಫ್ಟುಗಳಿಗೆ ಗಾಳಿ ಮಾರುವ ಜಾಲವಾಗಿ 1994ರವರೆಗೆ ಉಳಿಯಿತು. ಅದರ ಕೊಳವೆಗಳು ಹೋಗುತ್ತಿದ್ದುದು ನಗರದ ಒಳಚರಂಡಿ ಸುರಂಗಗಳಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬಂಡೆ ಕೊರೆದದ್ದು ಸಂಪೀಡಿತ ಗಾಳಿಯ ಡ್ರಿಲ್ಲುಗಳೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದ ಮೇಲೂ ಬಂಡೆಯ ಮುಂದೆ ನಿಂತ ಕಾರ್ಮಿಕನ ಕೈಯಲ್ಲಿದ್ದದ್ದು ಗಾಳಿಯ ಯಂತ್ರ. ಇವೆಲ್ಲ ಲೋಹದ ಕೊಳವೆಗಳ ಕಾಲ. ಗಮ್ಮು ಹಚ್ಚುವ ಪೈಪು ಬಂದ ಮೇಲೆಯೇ ಚೂರು ಸಿಡಿಯುವ ಪ್ರಶ್ನೆ ಹುಟ್ಟಿದ್ದು.

ಹಾಕಬಹುದಾದ ಪೈಪುಗಳು

ಕರ್ನಾಟಕದ ಮನೆ ವರ್ಕ್‌ಶಾಪಿಗೆ ಮೊದಲ ಆಯ್ಕೆ ಇಂದಿಗೂ ಕಬ್ಬಿಣದ್ದೇ: ಥ್ರೆಡ್ ಹಾಕಿದ ಜಿಐ ಪೈಪು. ಐಎಸ್ 1239 ಮಾನಕದಲ್ಲಿ ಇದಕ್ಕೆ ಮೂರು ದರ್ಜೆಗಳಿವೆ. ಹಳದಿ ಪಟ್ಟಿಯದು ತೆಳು, ನೀಲಿ ಪಟ್ಟಿಯದು ಮಧ್ಯಮ, ಕೆಂಪು ಪಟ್ಟಿಯದು ದಪ್ಪ. ಅಂಗಡಿಯಲ್ಲಿ ಇವೇ ಎ ಕ್ಲಾಸ್, ಬಿ ಕ್ಲಾಸ್, ಸಿ ಕ್ಲಾಸ್. ಅರ್ಧ ಇಂಚಿನ ಬಿ ಕ್ಲಾಸ್ ಪೈಪಿನ ಗೋಡೆ 2.6 ಮಿ.ಮೀ. ದಪ್ಪ. 10 ಕೆಜಿ ಗಾಳಿ ತುಂಬಿದಾಗ ಆ ಗೋಡೆಯ ಮೇಲೆ ಬೀಳುವ ಎಳೆತ ಉಕ್ಕನ್ನು ಹರಿಯಲು ಬೇಕಾದುದರ ಐವತ್ತನೇ ಒಂದು ಭಾಗವೂ ಅಲ್ಲ. ಥ್ರೆಡ್ ಕಡಿದ ಕಡೆ ಗೋಡೆ ತೆಳುವಾಗುವುದರಿಂದ ಎ ಕ್ಲಾಸ್ ಬೇಡ, ಬಿ ಕ್ಲಾಸ್ ತೆಗೆದುಕೊಳ್ಳುವುದು ಲೇಸು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಿಂದ ಹಿಡಿದು ಹೋಬಳಿಯ ಹಾರ್ಡ್‌ವೇರ್ ಅಂಗಡಿಯವರೆಗೆ ಎಲ್ಲಿಯೂ ಪೈಪು ಸಿಗುತ್ತದೆ, ಎಲ್ಬೊ, ಟೀ, ಯೂನಿಯನ್, ನಿಪ್ಪಲ್‌ಗಳೂ ಸಿಗುತ್ತವೆ. ಡೈ ಸೆಟ್ ಇಟ್ಟುಕೊಂಡ ಹಳೆಯ ಪ್ಲಂಬರು ಸಿಕ್ಕರೆ ಒಂದೇ ದಿನದ ಕೆಲಸ. ಅಂಥವರು ಈಗ ಕಡಿಮೆಯಾಗುತ್ತಿದ್ದಾರೆ ಎಂಬುದೇ ಇದರ ನಿಜವಾದ ತೊಂದರೆ.

ಜಿಐ ಪೈಪಿಗೆ ದೋಷಗಳಿಲ್ಲವೆಂದಲ್ಲ. ಭಾರ, ಒಳಗೆ ನೀರು ನಿಂತರೆ ತುಕ್ಕು, ಸತುವಿನ ಲೇಪ ಚಕ್ಕೆ ಎದ್ದು ಸ್ಪ್ರೇ ಗನ್ನಿನ ಬಾಯಿಗೆ ಬರುವುದೂ ಉಂಟು. ಹಾಗೆಂದು ಕೆಲವರು ಲೇಪವಿಲ್ಲದ ಕಪ್ಪು ಪೈಪು ಹಾಕುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಕೊನೆಯಿಲ್ಲ. ಇಳಿಜಾರು ಸರಿ ಕೊಟ್ಟು, ನೀರು ಬಸಿಯಲು ವಾಲ್ವು ಇಟ್ಟು, ಗನ್ನಿನ ಮೊದಲು ಫಿಲ್ಟರ್ ಕೂರಿಸಿದರೆ ಎರಡೂ ನಡೆಯುತ್ತವೆ. ತುಕ್ಕು ಹಿಡಿದು ತೂತಾದ ಜಿಐ ಪೈಪು ಸೋರುತ್ತದೆ, ಸಿಡಿಯುವುದಿಲ್ಲ. ಈ ಲೇಖನದ ಆರಂಭದ ಪ್ರಶ್ನೆಗೆ ಅದು ಕೊಡುವ ಉತ್ತರ ಇದು.

ತಾಮ್ರದ ಪೈಪು ತುಕ್ಕು ಹಿಡಿಯದು, ಒಳಮೈ ನುಣುಪು. ಅಮೆರಿಕದ ಗ್ಯಾರೇಜುಗಳಲ್ಲಿ ಬಹಳ ಜನ ಹಾಕುವುದು ಇದನ್ನೇ, ಏಕೆಂದರೆ ಅಲ್ಲಿ ಮನೆಯ ನೀರಿನ ಕೊಳಾಯಿಗೂ ತಾಮ್ರವನ್ನು ಬಳಸುವ ರೂಢಿಯಿದೆ, ಬೆಸುಗೆ ಹಾಕಬಲ್ಲವರೂ ಹೇರಳ. ನಮ್ಮಲ್ಲಿ ತಾಮ್ರದ ಬೆಸುಗೆ ಚೆನ್ನಾಗಿ ಬಲ್ಲವರು ಫ್ರಿಜ್ ಮತ್ತು ಏಸಿ ಮೆಕ್ಯಾನಿಕ್ಕುಗಳು. ತವರದ ಮೆದು ಬೆಸುಗೆ 190 ಡಿಗ್ರಿಯ ಆಸುಪಾಸಿನಲ್ಲಿ ಕರಗಿಬಿಡುತ್ತದೆ. ಆದ್ದರಿಂದ ಗಟ್ಟಿ ಬೆಸುಗೆ, ಅಂದರೆ ಬ್ರೇಜಿಂಗ್, ಮಾಡಿಸುವುದು ಸರಿ, ಅದರಲ್ಲೂ ಕಂಪ್ರೆಸರಿನ ಹತ್ತಿರದ ತುಂಡಿಗೆ. ಬೆಲೆ ಕೇಳಿದ ಮೇಲೆ ಹೆಚ್ಚಿನವರು ಜಿಐ ಕಡೆಗೆ ತಿರುಗುತ್ತಾರೆ.

ಹೊಸ ಕಾರ್ಖಾನೆಗಳಲ್ಲಿ ಕಾಣುವ ನೀಲಿ ಬಣ್ಣದ ಅಲ್ಯೂಮಿನಿಯಂ ಪೈಪು ಗಾಳಿಗೆಂದೇ ತಯಾರಾದದ್ದು. ಕೊಯ್ದು, ಅಂಚು ನಯಮಾಡಿ, ಫಿಟ್ಟಿಂಗಿನೊಳಗೆ ಒತ್ತಿದರೆ ಸಾಕು. ಬೇಕೆಂದಾಗ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಹಗುರ, ತುಕ್ಕಿಲ್ಲ, ಸೋರಿಕೆ ಕಡಿಮೆ. ಫಿಟ್ಟಿಂಗುಗಳ ಬೆಲೆ ಮಾತ್ರ ಪೈಪಿನ ಬೆಲೆಯನ್ನೇ ಮೀರಿಸುವುದುಂಟು. ಬಾಡಿಗೆ ಜಾಗದಲ್ಲಿ ವರ್ಕ್‌ಶಾಪು ಇರುವವರಿಗೆ, ಬಿಚ್ಚಿಕೊಂಡು ಹೋಗಬಹುದೆಂಬ ಕಾರಣಕ್ಕೆ, ಈ ಬೆಲೆ ತೂಗಬಹುದು.

ಲೋಹಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ನಿಲ್ಲುವುದು ಕಾಂಪೋಸಿಟ್ ಪೈಪು. ನಡುವೆ ತೆಳು ಅಲ್ಯೂಮಿನಿಯಂ ಹಾಳೆ, ಒಳಗೂ ಹೊರಗೂ ಪಾಲಿಎಥಿಲೀನ್. ಸುರುಳಿಯಾಗಿ ಬರುತ್ತದೆ, ಕೈಯಲ್ಲೇ ಬಗ್ಗುತ್ತದೆ, ಬಗ್ಗಿಸಿದಂತೆ ನಿಲ್ಲುತ್ತದೆ. ಥ್ರೆಡ್ ಕಡಿಯುವವರು ಸಿಗದ ಊರಿನಲ್ಲಿ ಇದು ಒಳ್ಳೆಯ ದಾರಿ. ಆದರೆ ನೀರಿಗೆ, ಗ್ಯಾಸಿಗೆ, ಗಾಳಿಗೆ ಬೇರೆ ಬೇರೆ ಬಗೆಗಳಿರುವುದರಿಂದ, ಸಂಪೀಡಿತ ಗಾಳಿಗೆ ಇಷ್ಟು ಒತ್ತಡ, ಇಷ್ಟು ತಾಪ ಎಂದು ತಯಾರಕರೇ ಬರೆದುಕೊಟ್ಟದ್ದನ್ನು ಮಾತ್ರ ಕೊಳ್ಳಬೇಕು.

ಎಲ್ಲ ಪ್ಲಾಸ್ಟಿಕ್ಕೂ ಪಿವಿಸಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಎಚ್‌ಡಿಪಿಇ ಒತ್ತಡ ಮೀರಿದಾಗ ಉಬ್ಬಿ, ಎಳೆದುಕೊಂಡು, ಕೊನೆಗೆ ಹರಿಯುತ್ತದೆ. ಬ್ರಿಟನ್ನಿನಲ್ಲಿ ಗಾಳಿಗೆಂದೇ ಹದಮಾಡಿದ ಎಬಿಎಸ್ ಪೈಪೂ ಇದೆ. ನಮ್ಮ ಸಣ್ಣ ಕೈಗಾರಿಕಾ ಶೆಡ್ಡುಗಳಲ್ಲಿ ಹಸಿರು ಪಿಪಿಆರ್ ಪೈಪು ಬಿಸಿ ಮಾಡಿ ಬೆಸೆದು ಗಾಳಿಗೆ ಹಾಕಿರುವುದು ಸಾಮಾನ್ಯ ನೋಟ. ಪಿವಿಸಿಯಷ್ಟು ಅಪಾಯದ್ದಲ್ಲ ಅದು. ಆದರೂ ಬಿಸಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. 60 ಡಿಗ್ರಿಯಲ್ಲಿ ಅರ್ಧಕ್ಕಿಂತ ಕೆಳಗೆ. ಚಳಿಗೆ ಅದು ಪೆಡಸಾಗುವುದರಿಂದ ಕೆನಡಾದಲ್ಲೋ ಅಮೆರಿಕದ ಉತ್ತರದಲ್ಲೋ ಮನೆ ಮಾಡಿ, ಹೀಟರಿಲ್ಲದ ಗ್ಯಾರೇಜಿನಲ್ಲಿ ಕೆಲಸ ಮಾಡುವ ಕನ್ನಡಿಗರು ಊರಿನ ನೆನಪಿನಲ್ಲಿ ಇದನ್ನು ಹಾಕದಿರುವುದು ಒಳ್ಳೆಯದು. ಪ್ಲಾಸ್ಟಿಕ್ಕುಗಳು ಬಿಸಿಗೆ ಉದ್ದವಾಗುವ ಪ್ರಮಾಣವೂ ದೊಡ್ಡದು. 10 ಮೀಟರ್ ಉದ್ದದ ಪೈಪು 25 ಡಿಗ್ರಿ ಕಾದರೆ ಉಕ್ಕು 3 ಮಿ.ಮೀ., ಅಲ್ಯೂಮಿನಿಯಂ 6 ಮಿ.ಮೀ. ಹಿಗ್ಗುತ್ತವೆ, ಎಚ್‌ಡಿಪಿಇ 45 ಮಿ.ಮೀ. ದಾಟುತ್ತದೆ. ಕ್ಲ್ಯಾಂಪುಗಳನ್ನು ಬಿಗಿದುಬಿಟ್ಟರೆ ಪೈಪು ಹಾವಿನಂತೆ ಡೊಂಕಾಗುತ್ತದೆ.

ಪೈಪಿನೊಳಗಿನ ಮಳೆ

ಏರ್ ಲೈನ್ ಹಾಕಿದವರಿಗೆ ಮೊದಲ ಮಳೆಗಾಲ ಒಂದು ಪಾಠ. ಜುಲೈ ತಿಂಗಳ ಮಂಗಳೂರಿನಲ್ಲಿ 27 ಡಿಗ್ರಿಯ, ಶೇ. 90 ತೇವದ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿಯಿರುತ್ತದೆ. ಅಂಥ 8 ಘನಮೀಟರ್ ಗಾಳಿಯನ್ನು 8 ಕೆಜಿಗೆ ಅದುಮಿದರೆ ಅದು ಒಂದು ಘನಮೀಟರಿಗಿಂತ ಕಡಿಮೆ ಜಾಗಕ್ಕೆ ಇಳಿಯುತ್ತದೆ. ಅಷ್ಟು ಜಾಗ 30 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು 30 ಗ್ರಾಂಗಿಂತ ಕಡಿಮೆ ಆವಿಯನ್ನು. ಉಳಿದ 150 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮಿಷಕ್ಕೆ 10 ಘನ ಅಡಿ ಗಾಳಿ ಕೊಡುವ ಕಂಪ್ರೆಸರು ಇದನ್ನು ಅರ್ಧ ಗಂಟೆಯೊಳಗೆ ಮಾಡಿಬಿಡುತ್ತದೆ. ಅರ್ಧ ಗಂಟೆಗೊಂದು ಕಾಫಿ ಲೋಟದಷ್ಟು ನೀರು! ಟ್ಯಾಂಕು ಬಿಸಿಯಾಗಿದ್ದರೆ ಅಷ್ಟೂ ಅಲ್ಲೇ ಇಳಿಯುವುದಿಲ್ಲ, ಪೈಪಿಗೂ ಬರುತ್ತದೆ. ಕೊನೆಗೆ ಹೊಳಪು ಬಾಗಿಲಿನ ಮೇಲೆ ಪೇಂಟಿನ ಜೊತೆ ಹನಿಯಾಗಿ ಬೀಳುತ್ತದೆ.

ಈ ನೀರನ್ನು ಪೈಪೇ ಬೇರ್ಪಡಿಸುವಂತೆ ಮಾಡಬಹುದು. ಮುಖ್ಯ ಪೈಪನ್ನು 100ಕ್ಕೆ 1ರಂತೆ ಇಳಿಜಾರಾಗಿ ಹೊಡೆಯಬೇಕು, ಅಂದರೆ 3 ಮೀಟರಿಗೆ 3 ಸೆಂ.ಮೀ. ಗಾಳಿ ಹೋಗುವ ದಿಕ್ಕಿಗೇ ಇಳಿಜಾರಿದ್ದರೆ ನೀರೂ ಅದರೊಂದಿಗೆ ಹೋಗುತ್ತದೆ. ಕೆಳಗಿನ ಬಳಕೆಯ ಜಾಗಕ್ಕೆ ಕವಲು ತೆಗೆಯುವಾಗ ಟೀಯನ್ನು ತಲೆಕೆಳಗು ಮಾಡದೆ, ಪೈಪಿನ ಮೇಲ್ಭಾಗದಿಂದ ತೆಗೆದು, ಹಂಸದ ಕತ್ತಿನಂತೆ ಬಗ್ಗಿಸಿ ಕೆಳಗೆ ತರಬೇಕು. ತಳದಲ್ಲಿ ಹರಿಯುವ ನೀರು ಆಗ ಕವಲಿಗೆ ಇಳಿಯದು. ಪ್ರತಿ ಇಳಿತದ ಪೈಪನ್ನು ಗನ್ನು ಸೇರುವ ಜಾಗಕ್ಕಿಂತ ಒಂದು ಗೇಣು ಕೆಳಗೆ ಬಿಟ್ಟು, ತುದಿಯಲ್ಲಿ ಬಾಲ್ ವಾಲ್ವ್ ಇಟ್ಟರೆ ಅಲ್ಲಿ ನೀರು ಕೂಡಿಕೊಳ್ಳುತ್ತದೆ. ದಿನಕ್ಕೊಮ್ಮೆ ತೆರೆದು ಬಸಿದರಾಯಿತು. ಟ್ಯಾಂಕಿನ ತಳದ ಡ್ರೈನ್ ವಾಲ್ವಿಗೂ ಇದೇ ಮಾತು. ಬಸಿಯದ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಅಂಥ ಟ್ಯಾಂಕಿನ ತೂತಿಗೆ ವೆಲ್ಡಿಂಗ್ ತೇಪೆ ಹಾಕಿಸುವುದು ಪೈಪಿನ ಎಲ್ಲ ತಪ್ಪುಗಳಿಗಿಂತ ದೊಡ್ಡ ತಪ್ಪು.

ಕಂಪ್ರೆಸರು ಮತ್ತು ಗೋಡೆಯ ಪೈಪಿನ ನಡುವೆ ಒಂದು ಮೀಟರಿನಷ್ಟು ಒಳ್ಳೆಯ ರಬ್ಬರ್ ಹೋಸ್ ಇರಬೇಕು. ಇಲ್ಲದಿದ್ದರೆ ಯಂತ್ರದ ನಡುಕ ನೇರವಾಗಿ ಥ್ರೆಡ್ಡುಗಳಿಗೆ ಹೋಗಿ ಅವುಗಳನ್ನು ಸಡಿಲಿಸುತ್ತದೆ. ಆ ಹೋಸಿಗಿಂತ ಮೊದಲು, ಟ್ಯಾಂಕಿನ ಬಾಯಲ್ಲೇ, ಒಂದು ಬಾಲ್ ವಾಲ್ವ್. ಹೋಸಾಗಲಿ ಪೈಪಾಗಲಿ ಕಿತ್ತುಬಂದರೆ ಓಡಿಹೋಗಿ ತಿರುಗಿಸಲು ಒಂದು ಹಿಡಿಕೆ ಬೇಕಲ್ಲ. ರಾತ್ರಿ ಬಾಗಿಲು ಹಾಕುವಾಗ ಅದನ್ನು ಮುಚ್ಚಿ ಲೈನಿನ ಗಾಳಿ ಬಿಟ್ಟು ಹೋಗುವ ಅಭ್ಯಾಸವಿದ್ದರೆ, ನಡುರಾತ್ರಿ ಸೋರಿಕೆಗೆ ಕಂಪ್ರೆಸರು ತಾನೇ ಎದ್ದು ಓಡುವುದೂ ನಿಲ್ಲುತ್ತದೆ.

ಫಿಲ್ಟರ್ ಮತ್ತು ರೆಗ್ಯುಲೇಟರನ್ನು ಬಳಕೆಯ ತುದಿಯಲ್ಲಿ ಕೂರಿಸಬೇಕು. ಗಾಳಿ ತಣಿದು ನೀರಾದ ಮೇಲೆ ತಾನೆ ಫಿಲ್ಟರಿಗೆ ಕೆಲಸ! ಅದರ ಪಾರದರ್ಶಕ ಬಟ್ಟಲು ಹೆಚ್ಚಾಗಿ ಪಾಲಿಕಾರ್ಬೊನೇಟಿನದು. ಪೇಂಟಿಂಗ್ ಮಾಡುವವರು ಕೈಗೆ ಸಿಕ್ಕ ತಿನ್ನರಿನಲ್ಲಿ ಅದನ್ನು ತೊಳೆಯುವುದುಂಟು. ತಿನ್ನರ್ ತಾಗಿದ ಬಟ್ಟಲು ಬಿರುಕುಬಿಟ್ಟು ಪಿವಿಸಿಯಂತೆಯೇ ಸಿಡಿಯಬಲ್ಲದು. ಸಾಬೂನು ನೀರು ಸಾಕು. ಬಟ್ಟಲಿನ ಸುತ್ತ ಲೋಹದ ಕವಚವಿರುವ ಫಿಲ್ಟರನ್ನೇ ಕೊಳ್ಳಬೇಕು.

ಅಳತೆ

ಪೈಪಿನ ಗಾತ್ರದ ಬಗ್ಗೆ ಮನೆ ವರ್ಕ್‌ಶಾಪಿನವರು ಅತಿಯಾಗಿ ಚಿಂತಿಸುತ್ತಾರೆ, ಹೋಸಿನ ಬಗ್ಗೆ ಚಿಂತಿಸುವುದೇ ಇಲ್ಲ. ನಿಮಿಷಕ್ಕೆ 10 ಘನ ಅಡಿ ಗಾಳಿ, 8 ಕೆಜಿ ಒತ್ತಡದಲ್ಲಿ, ಅರ್ಧ ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಹೋಗುತ್ತದೆ. 10 ಮೀಟರಿಗೆ ಕಳೆದುಕೊಳ್ಳುವ ಒತ್ತಡ ಗೇಜಿನಲ್ಲಿ ಕಾಣುವುದೂ ಇಲ್ಲ. ಅದೇ ಗಾಳಿ 5 ಮಿ.ಮೀ. ಒಳವ್ಯಾಸದ ನೀಲಿ ಪಿಯು ಟ್ಯೂಬಿನಲ್ಲಿ ಹೋಗಬೇಕಾದರೆ ವೇಗ ಸೆಕೆಂಡಿಗೆ 27 ಮೀಟರ್, 10 ಮೀಟರಿಗೆ ನಷ್ಟ ಒಂದೂವರೆ ಕೆಜಿಯಷ್ಟು. ಇಂಪ್ಯಾಕ್ಟ್ ರೆಂಚಿಗೆ ಜೋರಿಲ್ಲವೆಂದು ದೊಡ್ಡ ಕಂಪ್ರೆಸರ್ ಕೊಳ್ಳುವ ಮೊದಲು ಹೋಸ್ ಬದಲಿಸಿ ನೋಡುವುದು ಅಗ್ಗ. ಗೋಡೆಗೆ ಅರ್ಧ ಇಂಚು ಸಾಕು. ಮುಕ್ಕಾಲು ಇಂಚು ಹಾಕಿದರೆ ಗಾಳಿ ನಿಧಾನವಾಗಿ ಹೋಗಿ ನೀರು ಇನ್ನಷ್ಟು ಚೆನ್ನಾಗಿ ಬೇರ್ಪಡುತ್ತದೆ.

ಪರೀಕ್ಷೆ ಮತ್ತು ಸೋರಿಕೆ

ಹೊಸ ಲೈನನ್ನು ಮೊದಲ ಸಲ ಪರೀಕ್ಷಿಸಬೇಕಾದದ್ದು ಗಾಳಿಯಿಂದಲ್ಲ, ನೀರಿನಿಂದ. ಕಂಪ್ರೆಸರ್, ಫಿಲ್ಟರ್, ರೆಗ್ಯುಲೇಟರ್ ಬಿಚ್ಚಿಟ್ಟು, ಪೈಪಿನೊಳಗಿನ ಗಾಳಿಯೆಲ್ಲ ಹೋಗುವಂತೆ ನೀರು ತುಂಬಿ, ಪ್ಲಂಬರುಗಳ ಕೈ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಬೇಕು. 8 ಕೆಜಿಯ ಲೈನಿಗೆ 12 ಕೆಜಿ. ಎಲ್ಲಾದರೂ ದೋಷವಿದ್ದರೆ ನೆಲ ಒದ್ದೆಯಾಗುತ್ತದೆ, ಅಷ್ಟೆ. ಆಮೇಲೆ ನೀರು ಬಸಿದು, ಗಾಳಿ ಬಿಟ್ಟು, ಒಂದೊಂದು ಜೋಡಣೆಗೂ ಸಾಬೂನು ನೊರೆ ಹಚ್ಚಿ ಗುಳ್ಳೆ ನೋಡಬೇಕು. ಒಂದು ಮಿ.ಮೀ. ತೂತು ಸಾಕು, 8 ಕೆಜಿಯಲ್ಲಿ ಸೆಕೆಂಡಿಗೆ ಒಂದು ಲೀಟರಿನಷ್ಟು ಗಾಳಿ ಕಳೆದುಹೋಗಲು. ಅದು 2 ಎಚ್‌ಪಿ ಕಂಪ್ರೆಸರು ಕೊಡುವ ಗಾಳಿಯ ಸುಮಾರು ಕಾಲು ಭಾಗ. ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತುವಾಗ ಮೊದಲ ಒಂದೆರಡು ಸುತ್ತು ಥ್ರೆಡ್ ಬಿಟ್ಟು ಸುತ್ತಬೇಕು, ಇಲ್ಲವಾದರೆ ಟೇಪಿನ ಚೂರು ಹೋಗಿ ರೆಗ್ಯುಲೇಟರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾನೂನು ಮತ್ತು ಗುರುತು

1948ರ ಕಾರ್ಖಾನೆಗಳ ಕಾಯ್ದೆಯ 31ನೇ ಕಲಮು ಒತ್ತಡದ ಯಂತ್ರಗಳು ಸುರಕ್ಷಿತ ಮಿತಿಯನ್ನು ಮೀರದಂತೆ ನೋಡಿಕೊಳ್ಳಬೇಕೆಂದು ವಿಧಿಸಿತು. ಅದು ಕಾರ್ಖಾನೆಗೆ ಮಾತ್ರ. ಮನೆಯ ಶೆಡ್ಡಿಗೆ ಇನ್‌ಸ್ಪೆಕ್ಟರು ಬರುವುದಿಲ್ಲ. ಟ್ಯಾಂಕಿನ ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ನೋಡುವವರೂ ಮಾಲೀಕರೇ ಆಗಬೇಕು. ಐಎಸ್ 2379 ಮಾನಕದಲ್ಲಿ ಗಾಳಿಯ ಪೈಪಿಗೆ ಆಕಾಶನೀಲಿ ಬಣ್ಣ ಗೊತ್ತುಪಡಿಸಿದೆ. ಮನೆಯಲ್ಲಿಯೂ ಅದನ್ನು ಬಳಿಯುವುದು ಒಳ್ಳೆಯದು, ಮುಂದೊಂದು ದಿನ ಗೋಡೆ ಕೊರೆಯಲು ಬಂದವನಿಗೆ ಅದು ನೀರಿನ ಪೈಪಲ್ಲ ಎಂದು ತಿಳಿಯಲಿ.

ಈಗಾಗಲೇ ಪಿವಿಸಿ ಏರ್ ಲೈನ್ ಇರುವವರು ಅದನ್ನು ಬಿಚ್ಚುವ ಮೊದಲು ಟ್ಯಾಂಕಿನ ವಾಲ್ವ್ ಮುಚ್ಚಿ, ತುದಿಯ ಗನ್ನಿನಿಂದ ಲೈನಿನ ಗಾಳಿಯನ್ನೆಲ್ಲ ಬಿಡಬೇಕು. ಗೇಜು ಸೊನ್ನೆ ತೋರಿದ ಮೇಲೆಯೇ ಗರಗಸ ಹಿಡಿಯಬೇಕು, ಕಣ್ಣಿಗೆ ಕನ್ನಡಕವಿರಲಿ. ಬಿಚ್ಚಿದ ಪೈಪಿನೊಳಗೆ ಎಣ್ಣೆಯ ಅಂಶ ಇರುವುದರಿಂದ ಕುಡಿಯುವ ನೀರಿಗೆ ಬೇಡ. ಚರಂಡಿಯ ಕಡೆ ನೀರು ಹರಿಯಿಸಲು ಅದು ಇನ್ನೂ ಹತ್ತು ವರ್ಷ ಬರುತ್ತದೆ.